ಒಂಬತ್ತು ಮಂದಿ ಜಡೆ ಕೋಲಾಟ

ಗುಂಪು: ನಮ್ಮ ಮನಿ ಮಂದಿ

ಮುಲುಂಡ್ ಕಾಕಾ, ರಾತ್ರಿ 9:04
ಫಾರ್ವರ್ಡ್ ಮಾಡಲಾಗಿದೆ: ಕನ್ನಡಿಗರಿಗೆ ಹೆಮ್ಮೆಯ ಸುದ್ದಿ!! ನಮ್ಮ ಜಡೆ ಕೋಲಾಟವನ್ನು ಜಗತ್ತಿನ ಅತ್ಯುತ್ತಮ ಜಾನಪದ ನೃತ್ಯವೆಂದು ಯುನೆಸ್ಕೊ ಘೋಷಿಸಿದೆ. ನವಗ್ರಹಗಳ ಸಂಕೇತವಾಗಿ 9 ಜನ ಮೇಲಿಂದ ಇಳಿಬಿಟ್ಟ 9 ಬಣ್ಣದ ಎಳೆ ಹಿಡಿದು, ಜಡೆಯಂತೆ ಹೆಣೆಯುತ್ತ ಆಡುವುದೇ ಇದರ ಶಾಸ್ತ್ರೋಕ್ತ ಕ್ರಮ. ವಿಡಿಯೋ ನೋಡಿ. ಕನ್ನಡಿಗರಾಗಿದ್ದರೆ ಹತ್ತು ಗುಂಪಿಗೆ ಕಳಿಸಿ.

ಮುಲುಂಡ್ ಕಾಕಾ, 9:05
ನಮ್ಮ ರಾಜ್ಯೋತ್ಸವದ ಜಡಿ ಕೋಲಾಟಕ್ಕ ಒಂಬತ್ತು ಮಂದಿ ಆದ್ರ ಆಗೂದಿಲ್ಲ ಅಂತ ಮೊನ್ನೆ ಹೇಳಿದ್ರಲ್ಲಾ. ಈಗ ನೋಡ್ರಿ ಎಲ್ಲಾರೂ.

ಪುಣೆ ಅಣ್ಣ, 9:11
ಕಾಕಾ, ಇದು ಎಲ್ಲಿಂದ ಬಂತು? ಯುನೆಸ್ಕೊದವರು ಯಾವ ಕುಣಿತಕ್ಕೂ ಮೊದಲನೇ ನಂಬರು, ಎರಡನೇ ನಂಬರು ಕೊಡೂದಿಲ್ಲ. ಅಮೂರ್ತ ಪರಂಪರೆ ಅಂತ ಒಂದು ಪಟ್ಟಿ ಅದ, ಅದರಾಗ ಸೇರಸ್ತಾರ. 2023ರ ಡಿಸೆಂಬರದಾಗ ಸೇರಿದ್ದು ಗುಜರಾತದ ಗರಬಾ. ಯಾರೋ ಅದರ ಹೆಸರು ತಗದು ಕೋಲಾಟ ಅಂತ ಹಾಕ್ಯಾರ.

ಮುಲುಂಡ್ ಕಾಕಾ, 9:13
ನಾ ಏನ ಹಾಕಿದ್ರೂ ನಿಂದು ಇದ ಪ್ರಶ್ನಿ. ಗಣಪತಿ ಮಣ್ಣಿನ ಸುದ್ದಿ ಹಾಕಿದಾಗೂ ಹಿಂಗ ಕೇಳಿದ್ದಿ.

ಪುಣೆ ಅಣ್ಣ, 9:13
ಆಗೂ ಉತ್ತರಾ ಬಂದಿದ್ದಿಲ್ಲ ಕಾಕಾ.

ಡೊಂಬಿವಲಿ ದೊಡ್ಡಪ್ಪ, 9:20
ಸುದ್ದಿ ಖರೆ ಇರಲಿ, ಸುಳ್ಳ ಇರಲಿ. ಮುಂಬಯಿಯಂಥ ಊರಾಗ ನಮ್ಮ ಹೆಣ್ಣುಮಕ್ಕಳು ರಾಜ್ಯೋತ್ಸವಕ್ಕ ಕೋಲು ಹಿಡೀತಾರ ಅನ್ನೂದು ದೊಡ್ಡದು. ಹಿರಿಯರ ಮುಂದ ವಾದಾ ಮಾಡೂದು ಕಡಿಮಿ ಮಾಡ್ರಿ. ಒಂಬತ್ತು ಮಂಗಳದ ಸಂಖ್ಯೆ. ಜಡಿ ಅಂದ್ರ ಮೂರೆಳಿ, ಮೂರೂ ಬೆಸ, ಒಂಬತ್ತೂ ಬೆಸ. ಇದರಾಗ ತಪ್ಪೇನು?

ಮಾಟುಂಗಾ ಅತ್ಯಾ, 9:22
ಅಣ್ಣಾ, ವಿಡಿಯೋ ಯಾರರೆ ಪೂರಾ ನೋಡೀರೇನು?

ಮಡಗಾಂವ್ ಭಾವ, 9:24
ನಾ ಇನ್ನೂ ತಗದಿಲ್ಲ, ನೆಟ್ ಇಲ್ಲ. ಇದಕ್ಕ ನಮ್ಮ ಗೋವಾದಾಗ ಗೋಫ್ ಅಂತಾರ. ಶಿಗ್ಮೋದಾಗ, ಅಂದ್ರ ಅಲ್ಲಿ ಹೋಳಿ ಹಬ್ಬದಾಗ, ಕಾಣಕೋಣದ ಕಡೆ ಮಾಂಡ ಅನ್ನೂ ಕುಣಿಯೂ ಜಾಗದ ನಡುವ ಮ್ಯಾಲಿಂದ ಬಣ್ಣಬಣ್ಣದ ಹಗ್ಗ ಇಳಿಬಿಟ್ಟು ಹೆಣೀತಾರ, ಆಮ್ಯಾಲೆ ಹೆಜ್ಜಿ ತಿರುಗಿಸಿ ಬಿಚ್ಚತಾರ. ಊರಾಗ ಹನುಮಪ್ಪನ ಗುಡಿ ಕಟ್ಟಿ ಮುಂದ ಆಡತಿದ್ರಲ್ಲಾ, ನೆನಪದ? ಪೆಟ್ರೋಮ್ಯಾಕ್ಸ್ ಬೆಳಕು, ಬಾಳಿಎಲಿಯಾಗ ಚುರುಮುರಿ...

ಮಾಟುಂಗಾ ಅತ್ಯಾ, 9:25
ಚುರುಮುರಿ ಆಮ್ಯಾಲೆ. ನೀ ಅಲ್ಲೆ ಗೋಫ್ ನೋಡೀಯಲ್ಲಾ, ಎಷ್ಟು ಮಂದಿ ಇರತಾರ ಅದನ್ನ ಹೇಳು.

ಮಡಗಾಂವ್ ಭಾವ, 9:26
ಎಣಿಸಿಲ್ಲವ್ವಾ. ಆದ್ರ ಎದುರು ಬದುರು ಜೋಡಿ ಜೋಡಿ ನಿಂತಿರತಾರ.

ಠಾಣೆ ವೈನಿ, 9:41
ಅಡಿಗಿ ಮುಗಿಸಿ ಈಗ ನೋಡಿದೆ. ಮಾವನವರ, ತಲಿಯ ಮೂರೆಳಿ ಜಡಿ ಚಪ್ಪಟಿ ಹೆಣಿಕಿ. ಬಲದ ಅಂಚಿನ ಎಳಿ ನಡುವ ಬರತದ, ಆಮ್ಯಾಲೆ ಎಡದ ಅಂಚಿಂದು ನಡುವ ಬರತದ. ಒಂದು ಸಲಕ್ಕ ಒಂದ ಎಳಿ ಓಡಾಡತದ. ಕೋಲಾಟದ ಜಡಿ ದುಂಡಗಿಂದು. ಅದರಾಗ ಎಲ್ಲಾ ಎಳಿನೂ ಕೂಡೇ ಓಡಾಡಬೇಕು. ಅರ್ಧ ಮಂದಿ ಗಡಿಯಾರದ ಮುಳ್ಳಿನಂಗ, ಅರ್ಧ ಮಂದಿ ಅವರಿಗೆ ಎದುರು. ಮೊದಲು ಎದುರಾದವರನ್ನ ಹೊರಗಿಂದ ದಾಟಿದ್ರ ಮುಂದಿನವರನ್ನ ಒಳಗಿಂದ ದಾಟಬೇಕು. ಒಂಬತ್ತು ಮಂದ್ಯಾಗ ಐದು ಆ ಕಡೆ, ನಾಕು ಈ ಕಡೆ ಆದ್ರ ಪ್ರತಿ ಸಲ ಒಬ್ಬಾಕಿಗೆ ಎದುರು ಯಾರೂ ಇರೂದಿಲ್ಲ. ಆಕಿ ಸುಮ್ಮನ ನಿಂತಳಂದ್ರ ಮುಂದಿನ ಸಲ ಒಳಗ ಯಾರು, ಹೊರಗ ಯಾರು ಅನ್ನೂದು ತಪ್ಪಿ ಎರಡೆಳಿ ಒಂದರ ಮ್ಯಾಲೊಂದು ಕೂತು ಬಿಡತಾವ.

ಮುಲುಂಡ್ ಕಾಕಾ, 9:43
ಮತ್ತ ವಿಡಿಯೋದಾಗ ಒಂಬತ್ತು ಮಂದಿ ಆಡ್ಯಾರಲ್ಲಾ?

ಠಾಣೆ ವೈನಿ, 9:45
ಅವರ ಕಾಲು ನೋಡ್ರಿ ಕಾಕಾ. ಒಂಬತ್ತೂ ಮಂದಿ ಒಂದ ದಿಕ್ಕಿಗೆ ಸುತ್ತತಾರ. ಯಾರೂ ಯಾರನ್ನೂ ದಾಟೂದ ಇಲ್ಲ. ಹಂಗ ಸುತ್ತಿದ್ರ ಎಷ್ಟು ಮಂದಿ ಇದ್ರೂ ನಡೀತದ, ಆದ್ರ ಮ್ಯಾಲೆ ಆಗೂದು ಹುರಿ, ಜಡಿ ಅಲ್ಲ. ಎಲ್ಲಾರೂ ಒಮ್ಮೆ ಎಳಿ ಬಿಟ್ಟರಂದ್ರ ಅದು ತಾನ ಗರಗರ ತಿರುಗಿ ಬಿಚ್ಚಿಕೋತದ. ಹೆಣೆದ ಜಡಿ ಹಂಗ ಬಿಚ್ಚೂದಿಲ್ಲ, ಹೆಜ್ಜಿ ಹಿಂದಿಟ್ಟ ಬಿಚ್ಚಬೇಕು.

ಪುಣೆ ಅಣ್ಣ, 9:46
ನಾನೂ ಯುನೆಸ್ಕೊ ಅಂತ ಕೂತೆ, ವಿಡಿಯೋ ಪೂರಾ ನೋಡಿದ್ದಿಲ್ಲ. ವೈನಿ ಹೇಳಿದ್ದು ಖರೆ.

ಮುಲುಂಡ್ ಕಾಕಾ, 9:50
ನೀವೆಲ್ಲಾ ಒಂದ ಕಡೆ. ನೇರ ಹೇಳ್ರಿ, ನಮ್ಮ ಹುಡುಗಿ ತಡಾ ಹೆಸರು ಕೊಟ್ಟಳು, ಆಕಿ ಒಂಬತ್ತನೇದಾಕಿ, ಆಕಿನ್ನ ಬಿಡಬೇಕು ಅಂತ. ಹೋದ ಸಲ ರಿಬ್ಬನ್ ನಾ ತಂದೆ, ರಸೀದಿ ಇದ ಗುಂಪಿನಾಗ ಹಾಕಿದ್ದೆ. ಆ ರೊಕ್ಕನೂ ಬಂದಿಲ್ಲ.

ಮಾಟುಂಗಾ ಅತ್ಯಾ, 9:52
ರಿಬ್ಬನ್ ಮಾತು ನೀನ ತಗದಿ. ಹತ್ತಿ ಪಟ್ಟಿ ತಾ ಅಂದ್ರ ಸಾಟಿನ್ ತಂದಿ. ಐದನೇ ಸುತ್ತಿಗೆ ಸುರುಳಿಯಾಗಿ ದಾರದಂಗಾತು, ಕೊನಿಗೆ ಕತ್ತರಿ ಹಾಕಬೇಕಾತು. ಬಿಚ್ಚದ ಇಳಿದು ಬಂದ್ವಿ. ಜಡಿ ಬಿಚ್ಚದ ಕೋಲಾಟ ಮುಗೀತದೇನು?

ಡೊಂಬಿವಲಿ ದೊಡ್ಡಪ್ಪ, 9:53
ಸಾಕು. ಹಳೇದು ಕೆದರಬ್ಯಾಡ್ರಿ. ಒಗ್ಗಟ್ಟು ಕಲಿಸೂ ಆಟ ಇದು.

ಮುಲುಂಡ್ ಕಾಕಾ, 9:53
ಈ ಸಂದೇಶವನ್ನು ಅಳಿಸಲಾಗಿದೆ

ಠಾಣೆ ವೈನಿ, 10:02
ಕಾಕಾ, ಆಕಿನ್ನ ಬಿಡಬೇಕು ಅಂತ ನಾ ಎಂದೂ ಅಂದಿಲ್ಲ. ಒಂಬತ್ತು ಆಗೂದಿಲ್ಲ ಅಂದೆ. ಎಂಟಾಗಬೇಕು, ಇಲ್ಲಾ ಹತ್ತಾಗಬೇಕು. ಆಕಿ ಇರಲಿ, ಹತ್ತನೇದವರನ್ನ ಹುಡುಕೋಣ. ಆಕಿ ತಾಳ ಗಟ್ಟಿ ಅದ, ನನಗೂ ಬೇಕು.

ಠಾಣೆ ವೈನಿ, 10:04
ಆದ್ರ ಹತ್ತಾದ್ರ ಹಾಡಿನ ಲೆಕ್ಕ ಬದಲಾಗತದ, ಎಲ್ಲಾರೂ ಕೇಳ್ರಿ. ಒಂದು ದಾಟಿಗೆ 4 ಎಣಿಕಿ, ಮೊದಲನೇ ಎಣಿಕಿಗೆ ಕೋಲು ಕೋಲಿಗೆ ಬಡೀಬೇಕು. ಎಂಟು ಮಂದಿ ಇದ್ರ 8 ದಾಟಿಗೆ ಎಲ್ಲಾರೂ ತಮ್ಮ ಜಾಗಕ್ಕ ಬರತಾರ, 32 ಎಣಿಕಿ, 8 ಎಣಿಕಿಯ ಆದಿತಾಳದ ನಾಕು ಆವರ್ತ, ನುಡಿನೂ ಅಲ್ಲೇ ಮುಗೀತದ. ಹತ್ತು ಮಂದಿ ಇದ್ರ ಜಾಗಕ್ಕ ಬರಲಿಕ್ಕೆ 10 ದಾಟು, 40 ಎಣಿಕಿ ಬೇಕು. ನುಡಿ ಮುಗಿದಾಗ ಸುತ್ತಿನಾಗ ಇನ್ನೂ ಎರಡು ದಾಟು ಉಳಿದಿರತಾವ. ಆಗ ಯಾರರೆ ನುಡಿ ಮುಗೀತು ಅಂತ ತಿರುಗಿದ್ರ ಕೆಲಸ ಕೆಟ್ಟಂಗ. ನಾಕು ಸುತ್ತು ಹಿಡೀರಿ, 160 ಎಣಿಕಿ, ಬರೋಬ್ಬರಿ ಐದು ನುಡಿ. ಐದು ನುಡಿಗೆ ಹೆಣಿಕಿ, ಐದು ನುಡಿಗೆ ಬಿಚ್ಚೂದು. ಮಿನಿಟಿಗೆ 80 ಎಣಿಕಿ ಇಟ್ಟುಕೊಂಡ್ರ ಎರಡು ಮಿನಿಟು ಹೋಗಲಿಕ್ಕೆ, ಎರಡು ಮಿನಿಟು ಬರಲಿಕ್ಕೆ.

ಮಾಟುಂಗಾ ಅತ್ಯಾ, 10:06
ಬಿಚ್ಚುವಾಗ ಮೊದಲು ಹೊರಗೋ ಒಳಗೋ? ಎಲ್ಲಾರೂ ಎಡವೂದು ಅಲ್ಲೇ.

ಠಾಣೆ ವೈನಿ, 10:08
ಹೌದ್ರಿ ಅತ್ಯಾ, ಅಲ್ಲೇ. ತಿರುಗಿದ ಮ್ಯಾಲೆ ಮೊದಲಿನಂಗ ಹೊರಗಿಂದನ ಸುರು ಮಾಡತಾರ, ಅದ ತಪ್ಪು. ಕಡೀಕ ಯಾರನ್ನ ಒಳಗಿಂದ ದಾಟಿರತೀವೋ, ತಿರುಗಿ ನಿಂತು ಅವರನ್ನ ಮತ್ತ ಒಳಗಿಂದನ ದಾಟಬೇಕು, ಹೊರಗಿಂದ ದಾಟಿದ್ರ ಹೊರಗಿಂದನ. ಬಂದ ದಾರಿಲೆ ವಾಪಸ್ ಹೋಗೂದು ಅಷ್ಟ. ಒಬ್ಬಾಕಿ ತಪ್ಪಿದ್ರ ಬಿಚ್ಚೂದು ಹೋಗಿ ಅದರ ಮ್ಯಾಲೆ ಹೊಸಾ ಹೆಣಿಕಿ ಸುರು ಆಗತದ, ಎರಡು ದಾಟಿಗೆ ಗಂಟು. ಗಂಟಾದ್ರ ಜಗ್ಗಬಾರದು. ಎಲ್ಲಾರೂ ನಿಂತಲ್ಲೇ ಕೋಲು ಬಡಕೋತ ಇರಬೇಕು, ತಪ್ಪಿದಾಕಿ ಒಬ್ಬಾಕಿನ ಒಂದು ದಾಟು ಹಿಂದ ಬರಬೇಕು.

ಮಡಗಾಂವ್ ಭಾವ, 10:10
ಗೋಫದಾಗೂ ಹಿಂಗ ಮಾಡತಾರ. ಈಗ ವಿಡಿಯೋ ತೆರೀತು. ಹೌದು, ಎಲ್ಲಾರೂ ಒಂದ ದಿಕ್ಕು.

ಡೊಂಬಿವಲಿ ದೊಡ್ಡಪ್ಪ, 10:12
ಎಳಿ ಎಂಥಾವು ತರಬೇಕು ಈ ಸಲ? ರೊಕ್ಕ ನಾ ಕೊಡತೀನಿ. ಹಳೇ ರಿಬ್ಬನ್ ರೊಕ್ಕನೂ ನಾನ ಕೊಡತೀನಿ, ಆ ಮಾತು ಇಲ್ಲಿಗೆ ಮುಗೀಲಿ.

ಠಾಣೆ ವೈನಿ, 10:16
ಮಾವನವರ, 36 ಇಂಚು ಅಗಲದ ಪಾಪ್ಲಿನ್ ಅರಿವಿ, ಹಳದಿ 5 ಮೀಟರ್, ಕೆಂಪು 5 ಮೀಟರ್. ಎಳಿ ಕಟ್ಟೂ ಕಬ್ಬಿಣದ ಕಡಾ 10 ಫೂಟ್ ಎತ್ತರಕ್ಕ ಕಟ್ಟಿದ್ರ ಎಳಿ ಅದರ ಒಂದೂವರೆ ಪಟ್ಟು ಬೇಕು, 15 ಫೂಟ್. ಗಂಟಿಗೆ ಸೇರಿಸಿ 5 ಮೀಟರ್. ಅರಿವಿನ್ನ ಉದ್ದಕ್ಕ 3 ಇಂಚಿನ ಪಟ್ಟಿ ಹರೀಬೇಕು, ಎರಡೂ ಅಂಚು ಒಳಗ ಮಡಚಿ ಒಂದೂವರೆ ಇಂಚಿಗೆ ಮಷಿನ್ ಹೊಲಿಗಿ. ಹೊಲೀದ ಬಿಟ್ರ ಅಂಚಿನ ದಾರ ಬಳಿಗೆ ಸಿಗತದ. ಐದೈದು ಪಟ್ಟಿ ತಗದು ಇನ್ನೂ ಉಳೀತದ, ಅದರಾಗ ಸೊಂಟಪಟ್ಟಿ ಮಾಡೋಣ. ಕೆಂಪು ಮಾತ್ರ ಹೊಲಿಯೂ ಮೊದಲ ಎರಡು ಸಲ ಒಗೀರಿ. ಬೆವರಿಗೆ ಬಣ್ಣಾ ಬಿಟ್ಟು ಹಳದಿ ಮ್ಯಾಲೆ ಹತ್ತತದ.

ಡೊಂಬಿವಲಿ ದೊಡ್ಡಪ್ಪ, 10:17
ಒಂಬತ್ತು ಬಣ್ಣ ಬ್ಯಾಡೇನು?

ಠಾಣೆ ವೈನಿ, 10:18
ಬ್ಯಾಡ್ರಿ. ಎರಡ ಬಣ್ಣ ಇದ್ರ ಹಳದಿಯವರು ಒಂದು ದಿಕ್ಕು, ಕೆಂಪಿನವರು ಎದುರು ದಿಕ್ಕು. ಹಳದಿ ಮೊದಲು ಹೊರಗ, ಕೆಂಪು ಒಳಗ. ಕುಣಿಯುವಾಗ ನೆನಪಿಡಲಿಕ್ಕೆ ಇದ ಸಾಕು. ಮತ್ತ ರಾಜ್ಯೋತ್ಸವಕ್ಕ ಹಳದಿ ಕೆಂಪಿನ ಜಡಿಗಿಂತ ಚಂದ ಬ್ಯಾರೆ ಏನದ?

ಮುಲುಂಡ್ ಕಾಕಾ, 10:21
ಮಂಗಳದಾಸ್ ಮಾರ್ಕೆಟಿಗೆ ನಾ ಹೋಗತೀನಿ. ಭಾನುವಾರ ಬಂದ್ ಇರತದ, ನಾಳೆ ಶನಿವಾರನ ಹೋಗತೀನಿ. ಬಿದಿರು ಸೈತ ತರಲೇನು?

ಪುಣೆ ಅಣ್ಣ, 10:22
ಬಿದಿರು ಬೇಕಾದ್ರ ಇಲ್ಲೆ ಬುರುಡ್ ಆಳ್ಯಾಗ ಚಲೋ ಸಿಗತದ. ಆದ್ರ ಹತ್ತು ಫೂಟ್ ಗಳಾ ಲೋಕಲ್‌ನ್ಯಾಗ ಹೆಂಗ ತರೂದು?

ಠಾಣೆ ವೈನಿ, 10:25
ಗಳಾ ಬ್ಯಾಡ. ಗಳಾ ನಿಲ್ಲಿಸಿದ್ರ ಬುಡಾ ಹಿಡಿಲಿಕ್ಕೆ ಇಬ್ಬರು ಕೂಡಬೇಕು, ಜಡಿನೂ ಗಳಕ್ಕ ಸುತ್ತಿಕೋತದ, ಇಳಿಬಿದ್ದು ಕಾಣೂದಿಲ್ಲ. ವೇದಿಕಿ ಮ್ಯಾಲಿನ ಲೈಟಿನ ಪೈಪಿಗೆ ಕಟ್ಟೋಣ, ಸಭಾಗೃಹದವರನ್ನ ಮೊದಲ ಕೇಳಿ. ಫಾಲ್ಸ್ ಸೀಲಿಂಗಿನ ಕೊಂಡಿಗೆ ಮಾತ್ರ ಕಟ್ಟಬಾರದು. ಆರಿಂಚಿನ ಕಬ್ಬಿಣದ ಕಡಾ ಒಂದು ಸಾಕು. ಅದಕ್ಕ ಮೂರು ಕಡೆ ಹಗ್ಗ ಹಾಕಿ ತೂಗಬಿಡಬೇಕು, ಒಂದ ಹಗ್ಗಕ್ಕ ತೂಗಿದ್ರ ಕಡಾ ವಾಲತದ, ತಿರುಗತದ. ಎಳಿ ಒಂದು ಹಳದಿ ಒಂದು ಕೆಂಪು ಹಂಗ ಕಟ್ಟಬೇಕು, ನಡುವ ಜಾಗಾ ಸಮ ಇರಲಿ.

ಮಾಟುಂಗಾ ಅತ್ಯಾ, 10:27
ಹತ್ತನೇದಾಕಿ ನಾ. ಮಣಕಾಲು ಕೇಳಬ್ಯಾಡ್ರಿ, ನಡಿಗಿ ದಾಟು ನನಗ ಬರತದ. ಕೆಂಪು ಕೊಡ್ರಿ.

ಠಾಣೆ ವೈನಿ, 10:28
ನೀವು ಬಂದ್ರ ಭಾಳ ಚಲೋ ಆತ್ರಿ ಅತ್ಯಾ. ಹಂಗಾದ್ರ ಕೋಲಿನ ಲೆಕ್ಕ. ಜಡ್ಯಾಗ ಎಡಗೈಯಾಗ ಎಳಿ, ಬಲಗೈಯಾಗ ಒಂದ ಕೋಲು. ಆದ್ರ ಮೊದಲಿನ ಬರೇ ಕೋಲಾಟಕ್ಕ ಎರಡೆರಡು, 20 ಕೋಲು ಬೇಕು. ನನ್ನ ಹತ್ರ 14 ಅವ. ಆರು ಹೊಸಾವು ಮಾಡಬೇಕು, ಒಂದೂವರೆ ಫೂಟಿನವು. ಎನಾಮಲ್ ಬಣ್ಣಾ ಹಚ್ಚಿದ್ರ ಒಂದಿನಾ ಪೂರಾ ಒಣಗಲಿ, ಬಡಿಯೂ ತುದಿ ನಾಕಿಂಚು ಹಂಗ ಬಿಡ್ರಿ, ಇಲ್ಲಾಂದ್ರ ಚಕ್ಕಿ ಎದ್ದು ಕಣ್ಣಿಗೆ ಸಿಡೀತದ.

ಮಾಟುಂಗಾ ಅತ್ಯಾ, 10:29
14 ಹೆಂಗ? ನಾ ಮುಲುಂಡಿಗೆ ಕೊಟ್ಟಿದ್ದು 16.

ಮುಲುಂಡ್ ಕಾಕಾ, 10:37
ಅಟ್ಟ ಹತ್ತಿ ನೋಡಿದೆ ಅಕ್ಕಾ. ಎರಡೂ ಇಲ್ಲೇ ಅವ, ಹಳೇ ಪೇಪರಿನ್ಯಾಗ ಸುತ್ತಿಟ್ಟಿತ್ತು. ನಾಳೆ ಅರಿವಿ ಜೋಡಿ ಠಾಣೆಕ್ಕ ಕೊಟ್ಟು ಬರತೀನಿ. ಹೊಸಾವು ನಾಕ ಮಾಡ್ರಿ.