7.1 ಭೂಕಂಪಕ್ಕೂ ನನ್ನ ಜಿಯೋಫೋನ್‌ನಲ್ಲಿ ಪಿ ಅಲೆ ಇಲ್ಲ, ಸೆನ್ಸರ್ ಸತ್ತಿದೆಯಾ?

ಗುಡುಗುಡು: ತಲೆ ಕೆಟ್ಟುಹೋಗಿದೆ. ನೆಲದ ನಡುಕ ಹಿಡಿಯುವ ಜಿಯೋಫೋನ್ ಮನೆಯಲ್ಲಿ ಇಟ್ಟಿದ್ದೇನೆ. ಮೊನ್ನೆಯ 7.1 ಭೂಕಂಪದ ಪಿ ಅಲೆ, ಅಂದರೆ ಎಲ್ಲಕ್ಕಿಂತ ಮೊದಲು ತಲುಪುವ ಅಲೆ, ನನ್ನ ಲೆಕ್ಕದಲ್ಲಿ 15 ನಿಮಿಷಕ್ಕೆ ಬರಬೇಕಿತ್ತು, ಆ ಜಾಗದಲ್ಲಿ ಸಪಾಟು ಗೆರೆ. ಹಿಂದಿನ ತಿಂಗಳು ಬರೀ 6.4ಕ್ಕೆ ಒಂಬತ್ತೂವರೆ ನಿಮಿಷಕ್ಕೆ ಮುಳ್ಳು ಎಷ್ಟು ಚೆನ್ನಾಗಿ ಎದ್ದಿತ್ತು! ಅದೇ ಪೆಟ್ಟಿಗೆ, ಅದೇ ವೈರ್. ಹೊಸ ಸೆನ್ಸರ್ ತಗೋಬೇಕಾ?

ಟಿಕ್‌ಟಿಕ್: ಗಡಿಯಾರ ನೋಡಿ ಮೊದಲು. ಇಂಥದ್ದಕ್ಕೆಲ್ಲ ಟೈಮ್ ಸಿಂಕ್ ತಪ್ಪಿರುವುದೇ ಕಾರಣ.

ಗುಡುಗುಡು: ಗಡಿಯಾರಕ್ಕೆ ಸಮಯ ಕೊಡುವ ಜಿಪಿಎಸ್ ಲಾಕ್ ಆಗಿಯೇ ಇದೆ.

ಟಿಕ್‌ಟಿಕ್: ಲಾಕ್ ಅಂತ ತೋರಿಸುತ್ತದೆ, ನಂಬಬೇಡಿ. ಲಾಗ್ ಹಾಕಿ.

ಕಲ್ಲುಮಂಡೆ: ಗಡಿಯಾರ ತಪ್ಪಿದ್ದರೆ ಮುಳ್ಳು ಆಚೀಚೆ ಹೋಗುತ್ತಿತ್ತು, ಮಾಯ ಆಗುತ್ತಿರಲಿಲ್ಲ. ಯಾವ ವೇಗದ ಕಂಪನ ತೋರಿಸಬೇಕು ಅನ್ನುವ ಫಿಲ್ಟರ್ ಎಷ್ಟಕ್ಕೆ ಇಟ್ಟಿದ್ದೀರಿ? ದೂರದ ಪಿ ಅಲೆ 1 ಹರ್ಟ್ಜ್ (ಸೆಕೆಂಡಿಗೆ ಒಂದು ಕಂಪನ) ಆಸುಪಾಸಿನಲ್ಲಿ ಇರುತ್ತದೆ, 4.5 ಹರ್ಟ್ಜ್‌ನ ಜಿಯೋಫೋನ್ ಅಲ್ಲಿ ಮೊದಲೇ ಮಂದ.

ಗುಡುಗುಡು: ಮಾಮೂಲಿದೇ, 2ರಿಂದ 10. 6.4 ಬಂದಿದ್ದೂ ಇದರಲ್ಲೇ ಅಲ್ವಾ?

ಆಳದವನು: ಎಲ್ಲ ಕೇಳಿದಿರಿ, ದೂರ ಎಷ್ಟು ಅಂತ ಯಾರೂ ಕೇಳಲೇ ಇಲ್ಲವಲ್ಲ.

ಗುಡುಗುಡು: 13,300 ಕಿಮೀ. ಅದಕ್ಕೂ ಇದಕ್ಕೂ ಏನು ಸಂಬಂಧ? 7.1 ಅಂದರೆ ಎಲ್ಲಿದ್ದರೂ ಬರಬೇಕು ತಾನೇ.

ಆಳದವನು: ಸಂಬಂಧ ಅದೇ ಮಾರಾಯರೇ. ಭೂಗೋಳದ ಮೇಲೆ ದೂರವನ್ನು ಡಿಗ್ರಿಯಲ್ಲಿ ಅಳೆದರೆ ಒಂದು ಡಿಗ್ರಿಗೆ ಸುಮಾರು 111 ಕಿಮೀ, ಅಂದರೆ ನೀವು 120 ಡಿಗ್ರಿಯಲ್ಲಿ ಕೂತಿದ್ದೀರಿ. ಸುಮಾರು 104ರಿಂದ 140ರವರೆಗೆ ಪಿ ಅಲೆಯ ನೆರಳು ವಲಯ, ಅಂದರೆ ಅದು ನೇರವಾಗಿ ತಲುಪದ ಜಾಗ. 2,900 ಕಿಮೀ ಆಳದಲ್ಲಿ ಭೂಕವಚದ ಕೆಳಗಿನ ಬಂಡೆಯ ಪದರವಾದ ಮ್ಯಾಂಟಲ್ ಮುಗಿದು ಹೊರ ಕೇಂದ್ರಗೋಳ ಶುರುವಾಗುತ್ತದೆ, ಅದು ಕರಗಿದ ಲೋಹ. ಸೆಕೆಂಡಿಗೆ 13 ಕಿಮೀಗಿಂತ ಜಾಸ್ತಿ ಓಡುತ್ತಿದ್ದ ಅಲೆ ಅಲ್ಲಿ 8ಕ್ಕೆ ಇಳಿದು ಒಳಕ್ಕೆ ಬಾಗುತ್ತದೆ, ಹೊರಬರುವುದು ಇನ್ನೂ ಆಚೆ ಎಲ್ಲೋ. ನಿಮ್ಮ 15 ನಿಮಿಷಕ್ಕೆ ಕೇಂದ್ರಗೋಳದ ಅಂಚು ಸವರಿಕೊಂಡು ಒಂದಿಷ್ಟು ಬರುತ್ತದೆ, ಆದರೆ ಅದರಲ್ಲಿ ಉಳಿದಿರುವುದು ನಿಧಾನದ ಕಂಪನ. ಜಿಯೋಫೋನ್‌ಗೆ ಅದು ಗೊತ್ತೇ ಆಗುವುದಿಲ್ಲ. 6.4 ಬಂದಿದ್ದು ಸುಮಾರು 55 ಡಿಗ್ರಿಯಿಂದ ಇರಬೇಕು, ಅದು ಪೂರ್ತಿ ಮ್ಯಾಂಟಲ್‌ನಲ್ಲೇ ಬಂದದ್ದು.

ಕಲ್ಲುಮಂಡೆ: ದ್ರವದಲ್ಲಿ ಅಲೆ ಹೋಗುವುದಿಲ್ಲ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು.

ಆಳದವನು: ಹೋಗದೇ ಇರುವುದು ಎಸ್, ಪಿ ಆದಮೇಲೆ ಬರುವ ಅಲೆ. ಪಿ ಆರಾಮಾಗಿ ಹೋಗುತ್ತದೆ. ಎರಡನ್ನೂ ಕಲಸಬೇಡಿ.

ಕಲ್ಲುಮಂಡೆ: ಗೊತ್ತು ಸ್ವಾಮಿ. ಭೂಕಂಪ ವಿಜ್ಞಾನಿ ಓಲ್ಡ್‌ಹ್ಯಾಂ 1906ರಲ್ಲೇ ಹೇಳಿದ್ದು.

ಆಳದವನು: ಓಲ್ಡ್‌ಹ್ಯಾಂ ಹೇಳಿದ್ದು ಕೇಂದ್ರಗೋಳ ಇದೆ ಅಂತ. ಆಳ ಸರಿಯಾಗಿ ಹೇಳಿದ್ದು ಗುಟೆನ್‌ಬರ್ಗ್, ಅದು ದ್ರವ ಅಂತ ವಾದಿಸಿದ್ದು ಜೆಫ್ರೀಸ್, 1926ರಲ್ಲಿ.

ಟಿಕ್‌ಟಿಕ್: ಇಷ್ಟೆಲ್ಲ ಊಹೆ ಯಾಕೆ, ಕೊರೆದು ನೋಡಿದವರು ಯಾರೂ ಇಲ್ಲವಾ?

ಆಳದವನು: ರಷ್ಯಾದ ಕೋಲಾದಲ್ಲಿ 12,262 ಮೀಟರ್ ಕೊರೆದರು, ಭೂಕವಚವೇ ದಾಟಲಿಲ್ಲ. ಗುಡುಗುಡು, ಫಿಲ್ಟರ್ 2ರಿಂದ 10 ಬಿಟ್ಟು 0.7ರಿಂದ 2 ಹರ್ಟ್ಜ್‌ಗೆ ಇಳಿಸಿ, 15 ಬಿಟ್ಟು 19ನೇ ನಿಮಿಷದ ಹತ್ತಿರ ನೋಡಿ. ದ್ರವದ ಒಳಗಿರುವ ಗಟ್ಟಿ ಗೋಳ, ಅಂದರೆ ಒಳ ಕೇಂದ್ರಗೋಳ ಮುಟ್ಟಿ ಬರುವ ಅಲೆ ಅಲ್ಲಿರುತ್ತದೆ. ನೆರಳಿನಲ್ಲಿ ಏನೂ ಇರಬಾರದ ಕಡೆ ಈ ಸಣ್ಣ ಅಲೆ ಯಾಕಿದೆ ಅಂತ ತಲೆ ಕೆಡಿಸಿಕೊಂಡೇ ಇಂಗೆ ಲೆಹ್ಮನ್ 1936ರಲ್ಲಿ ಒಳ ಕೇಂದ್ರಗೋಳ ಹಿಡಿದದ್ದು. ನ್ಯೂಜಿಲೆಂಡ್‌ನ 1929ರ ಭೂಕಂಪದ ದಾಖಲೆ ಇಟ್ಟುಕೊಂಡು, ಕಂಪ್ಯೂಟರ್ ಇಲ್ಲದೆ.

ಗುಡುಗುಡು: ಇಳಿಸಿದೆ. 19ಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಉಬ್ಬು ಇದೆ. ಆದರೆ ನನ್ನ ಗೋಡೆಯಾಚೆ ರಸ್ತೆ, ಲಾರಿ ಹೋದರೂ ಹೀಗೇ ಬರುತ್ತದೆ. ಇದು ಯಾವುದು?

ಟಿಕ್‌ಟಿಕ್: ಮುಂಚೆ ಅಂದಿರಲ್ಲ. ಗಡಿಯಾರ.

ಬಂಡೆಮನೆ: ರಸ್ತೆ ಪಕ್ಕ ಇಟ್ಟರೆ ಇದೇ ಪಾಡು. ನನ್ನದು ಬಂಡೆ ಮೇಲೆ, ಮೂರು ದಿಕ್ಕಿನ ಕಂಪನ ಹಿಡಿಯುವುದು, ಗುಂಡಿ ತೋಡಿ ಕಾಂಕ್ರೀಟ್ ಹಾಕಿ ಮೇಲೆ ಥರ್ಮೋಕೋಲ್ ಮುಚ್ಚಿದ್ದೇನೆ. ರಾತ್ರಿಯ ಗೆರೆ ನೋಡಬೇಕು ನೀವು. ಫೋಟೋ ಹಾಕುತ್ತೇನೆ.

ಕಲ್ಲುಮಂಡೆ: ಹಾಕಿ ಹಾಕಿ. ನಿಧಾನದ ಕಂಪನವೂ ಹಿಡಿಯುವ ಬ್ರಾಡ್‌ಬ್ಯಾಂಡ್ ಸೆನ್ಸರಾ?

ಗುಡುಗುಡು: ಗುಂಡಿ ಆಮೇಲೆ ನೋಡೋಣ. ಉಬ್ಬು ಲಾರಿದಾ ಅಲ್ವಾ, ಯಾರಾದರೂ ಹೇಳಿ.