ಒಂದೇ ತರಹದ ಅಕ್ಷರಗಳಿರುವ ಇಂಗ್ಲಿಷ್ ಪದಗಳು ಕಲಸುಮೇಲೋಗರ ಆಗ್ತಾ ಉಂಟು, ಉಪಾಯ ಹೇಳಿ

ಬ್ರಹ್ಮಾವರದ ಅಮ್ಮ:
ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪ್ರಥಮ ಪಿಯುಸಿ ವಿಜ್ಞಾನ. ಟ್ಯೂಶನ್‌ನಲ್ಲಿ ಇನ್ನೂರು ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟಿದ್ದಾರೆ. ಅಕ್ಷರ ಹೋಲುವ ಪದಗಳೆಲ್ಲ ಒಟ್ಟೊಟ್ಟಿಗೆ, ಪಕ್ಕದಲ್ಲಿ ಅರ್ಥ. ರಾತ್ರಿ ಸರಿಯಾಗಿ ಒಪ್ಪಿಸುತ್ತಾಳೆ, ಬೆಳಿಗ್ಗೆ ಕೇಳಿದರೆ ಇದರ ಅರ್ಥ ಅದಕ್ಕೆ, ಅದರದ್ದು ಇದಕ್ಕೆ. ಬಾಯಿಪಾಠ ಬಿಟ್ಟು ಬೇರೆ ದಾರಿ ಉಂಟಾ?

ಮಣಿಪಾಲ:
ತಪ್ಪು ಮಗಳದ್ದಲ್ಲ, ಪಟ್ಟಿಯದ್ದು. ಅಕ್ಷರ ಹೋಲುವುದರಲ್ಲಿ ಎರಡು ಜಾತಿ. ಒಂದು, ಬೇರು ಒಂದೇ ಆಗಿರುವುದು. ಎಸ್-ಪಿ-ಇ-ಸಿ-ಟಿ ಅಂದರೆ ಲ್ಯಾಟಿನ್‌ನಲ್ಲಿ ನೋಡುವುದು: ಇನ್‌ಸ್ಪೆಕ್ಟ್ ಒಳಹೊಕ್ಕು ನೋಡು, ಪ್ರಾಸ್ಪೆಕ್ಟ್ ಮುಂದಕ್ಕೆ ನೋಡುವುದು, ಸಸ್ಪೆಕ್ಟ್ ಕೆಳಗಿನಿಂದ ಕಣ್ಣೆತ್ತಿ ನೋಡು, ಅಂದರೆ ಸಂಶಯಿಸು. ಆರ್-ಯು-ಪಿ-ಟಿ ಅಂದರೆ ಮುರಿಯುವುದು: ಇರಪ್ಟ್, ಇಂಟರಪ್ಟ್, ಅಬ್ರಪ್ಟ್. ಬ್ಯಾಂಕ್‌ರಪ್ಟ್ (ದಿವಾಳಿ) ಕೂಡ ಅದೇ ಸಾಲಿನದ್ದು, ಇಟಾಲಿಯನ್‌ನಲ್ಲಿ ‘ಮುರಿದ ಬೆಂಚು’. 1906ರ ಒಂದೇ ವರ್ಷದಲ್ಲಿ ಕೆನರಾ, ಕಾರ್ಪೊರೇಷನ್ ಅಂತ ಎರಡು ಬ್ಯಾಂಕು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ನಾವು, ಈ ಪದವನ್ನಾದರೂ ಮರೆಯಬಾರದು! ಇಂಥವನ್ನು ಒಟ್ಟಿಗೇ ಕಲಿಯಬೇಕು, ಒಂದು ಇನ್ನೊಂದನ್ನು ಎಳೆದು ತರುತ್ತದೆ.

ಎರಡನೆಯದು ಬರೀ ವೇಷದ ಹೋಲಿಕೆ. ಅಡಾಪ್ಟ್ ಮತ್ತು ಅಡಾಪ್ಟ್: ನಡುವೆ ಎ ಇದ್ದರೆ ಹೊಂದಿಕೊಳ್ಳು, ಒ ಇದ್ದರೆ ದತ್ತು ತೆಗೆದುಕೊ. ಸ್ಟೇಷನರಿ: ಕೊನೆಗೆ ಎ-ಆರ್-ವೈ ಬಂದರೆ ನಿಂತಲ್ಲೇ ನಿಂತದ್ದು, ಇ-ಆರ್-ವೈ ಬಂದರೆ ಕಾಗದ-ಪೆನ್ನು. ಇವನ್ನು ಒಂದೇ ದಿನ ಕಲಿಸಿದರೆ ಗೊಂದಲ ಖಂಡಿತ. ಒಂದನ್ನು ವಾಕ್ಯದಲ್ಲಿ ಬಳಸಿ ಗಟ್ಟಿ ಮಾಡಿ, ವಾರ ಕಳೆದ ಮೇಲೆ ಜೋಡಿಯನ್ನು ತನ್ನಿ. ಕಿರೀಟ ಒಂದೇ ಅಂತ ಪಾತ್ರ ಒಂದೇ ಆಗುವುದಿಲ್ಲ.

ಪಣಂಬೂರು:
ಮೇಲಿನವರು ಹೇಳಿದ್ದು ಸರಿ, ಆದರೆ ಬೇರು ಹುಡುಕುವಾಗಲೂ ಜಾರುವ ಜಾಗ ಉಂಟು. ಪಿ-ಒ-ಆರ್-ಟಿ ನೋಡಿ. ಇಂಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟಬಲ್‌ನಲ್ಲಿ ಅದು ‘ಹೊರು’. ಬಂದರು ಎಂಬ ಪೋರ್ಟ್ ಲ್ಯಾಟಿನ್‌ನಲ್ಲಿ ಬೇರೆ ಪದ. ಆಪರ್ಚುನಿಟಿ ಹುಟ್ಟಿದ್ದು ಬಂದರಿನಿಂದ, ದೋಣಿಯನ್ನು ಬಂದರಿನ ಕಡೆಗೆ ತಳ್ಳುವ ಅನುಕೂಲದ ಗಾಳಿ ಅಂತ ಮೂಲಾರ್ಥ. ಮಲ್ಪೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಪಿ-ಇ-ಡಿ ಇನ್ನೂ ಮೋಸ. ಪೆಡಲ್, ಪೆಡೆಸ್ಟ್ರಿಯನ್‌ನಲ್ಲಿ ಲ್ಯಾಟಿನ್‌ನ ಕಾಲು. ಪೀಡಿಯಾಟ್ರಿಕ್ಸ್‌ನಲ್ಲಿ ಗ್ರೀಕಿನ ಮಗು. ಮೂಳೆ ಡಾಕ್ಟರ ಬೋರ್ಡಿನ ಆರ್ಥೊಪೀಡಿಕ್ಸ್‌ನಲ್ಲಿ ಇರುವುದೂ ಕಾಲಲ್ಲ, ಮಗುವೇ. ಮಕ್ಕಳ ಸೊಟ್ಟ ಅಂಗ ನೇರ ಮಾಡುವ ವಿದ್ಯೆಗೆ 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಇಟ್ಟ ಹೆಸರು ಅದು. ಬೇರು ಊಹಿಸಿದ ಮೇಲೆ ಒಮ್ಮೆ ನಿಘಂಟು ತೆರೆಯುವುದು ಕ್ಷೇಮ.

ಕಾರ್ಕಳ:
ಅಕ್ಕ, ಕನ್ನಡ ಮಾಧ್ಯಮ ಅಂತ ಬೇಸರ ಬೇಡ. ನಿಮ್ಮ ಮಗಳ ಕೈಯಲ್ಲಿ ಒಂದು ಒಳ್ಳೆಯ ಹತ್ಯಾರು ಉಂಟು: ಸಂಧಿ. ಸತ್ + ಜನ ಸೇರಿ ಸಜ್ಜನ, ಸತ್ + ಮಾನ ಸೇರಿ ಸನ್ಮಾನ ಆಗುವುದು ಅವಳಿಗೆ ಗೊತ್ತು. ಲ್ಯಾಟಿನ್ ಪದಗಳಲ್ಲೂ ನಡೆಯುವುದು ಹೆಚ್ಚುಕಮ್ಮಿ ಅದೇ. ‘ಅಲ್ಲ’ ಎಂಬ ಅರ್ಥದ ಐ-ಎನ್ ಪ್ರಿಫಿಕ್ಸು (ಪದದ ಮೊದಲಿಗೆ ಅಂಟುವ ತುಂಡು) ಪಿ ಎದುರು ಐ-ಎಂ (ಇಂಪಾಸಿಬಲ್), ಎಲ್ ಎದುರು ಐ-ಎಲ್ (ಇಲ್ಲೀಗಲ್), ಆರ್ ಎದುರು ಐ-ಆರ್ (ಇರ್ರೆಗ್ಯುಲರ್). ಅಕ್ಷರ ಎಲ್ಲಿ ಎರಡು ಬರಬೇಕು, ಎಲ್ಲಿ ಒಂದು ಅನ್ನುವ ತಲೆನೋವು ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಇಮಿಗ್ರೇಟ್ ಅಂದರೆ ದೇಶದೊಳಗೆ ಬಂದು ನೆಲೆಸು. ಇಲ್ಲಿ ‘ಒಳಗೆ’ ಎಂಬ ಐ-ಎನ್‌ನ ಎನ್ ಎಂ ಆಗಿ, ಮೈಗ್ರೇಟ್‌ನ ಎಂ ಜೊತೆ ಕೂಡಿ ಎರಡು ಎಂ. ಎಮಿಗ್ರೇಟ್ ಅಂದರೆ ಹೊರಟುಹೋಗು. ಅಲ್ಲಿ ‘ಹೊರಗೆ’ ಎಂಬ ಇ-ಎಕ್ಸ್‌ನಲ್ಲಿ ಎಕ್ಸ್ ಬಿದ್ದುಹೋಗುತ್ತದೆ, ಹಾಗಾಗಿ ಒಂದೇ ಎಂ. ಅಕಾಮಡೇಶನ್‌ನಲ್ಲಿ ಎ-ಡಿ ಮತ್ತು ಸಿ-ಒ-ಎಂ ಎರಡು ಪ್ರಿಫಿಕ್ಸು ಸೇರಿದ್ದರಿಂದ ಎರಡು ಸಿ, ಎರಡು ಎಂ. ವಸತಿಗೃಹದ ಬೋರ್ಡುಗಳಲ್ಲಿ ಒಂದು ಎಂ ನಾಪತ್ತೆಯಾಗುವುದು ಮಾಮೂಲು.

ಈಗ ಬಯಾಲಜಿಗೆ ಬನ್ನಿ. ಅಫೆರೆಂಟ್ ನರ, ಎಫೆರೆಂಟ್ ನರ. ಎಫ್-ಇ-ಆರ್ ಅಂದರೆ ಒಯ್ಯು. ‘ಕಡೆಗೆ’ ಎಂಬ ಎ-ಡಿ ಎಫ್ ಎದುರು ಎ-ಎಫ್ ಆಯಿತು: ಮಿದುಳು-ಮಿದುಳುಬಳ್ಳಿಯ ಕಡೆಗೆ ಸುದ್ದಿ ಒಯ್ಯುವ ನರ. ಇ-ಎಕ್ಸ್ ಎಫ್ ಎದುರು ಮಾತ್ರ ಇ-ಎಫ್ ಆಗುತ್ತದೆ: ಅಲ್ಲಿಂದ ಸ್ನಾಯುವಿಗೆ ಹೊರಡುವ ನರ. ಕಾರಣ ತಿಳಿದರೆ ಅದಲುಬದಲಾಗುವ ಪ್ರಶ್ನೆ ಕಡಿಮೆ.

ಕಾರಣ ಸಹಾಯಕ್ಕೆ ಬಾರದ ಜೋಡಿಗಳೂ ಉಂಟು. ಇಲಿಯಂ ಎರಡು: ನಡುವೆ ಐ ಬಂದರೆ ಸೊಂಟದ ಮೂಳೆ, ಇ ಬಂದರೆ ಸಣ್ಣ ಕರುಳಿನ ಕೊನೆಯ ಭಾಗ. ಇ ಅಂದರೆ ಈಟಿಂಗ್, ಊಟ ಹೋಗುವ ದಾರಿ. ಅಷ್ಟೇ ಗುರುತು ಸಾಕು. ಯುರೇಟರ್ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ, ಎರಡು ಇರುತ್ತವೆ. ಯುರೇಥ್ರಾ ಮೂತ್ರಕೋಶದಿಂದ ಹೊರಕ್ಕೆ, ಒಂದೇ. ಇವಕ್ಕೆ ಚಿತ್ರ ಬಿಡಿಸಿ ಹೆಸರು ಬರೆಸಿ.

ಕದ್ರಿ:
ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾಳಾದರೆ ಬಿಡಿಸಿ. (ಇಲ್ಲಿ ನಾವೆಲ್ಲ ಅದನ್ನೇ ಮಾಡುತ್ತಿದ್ದೇವೆ, ಆ ಮಾತು ಬೇರೆ.) ವೈನ್ ಅಂತ ಬರೆದರೆ ವಿ-ಯದ್ದು ಬಳ್ಳಿಯೋ ಡಬ್ಲ್ಯೂ-ದ್ದು ಮದ್ಯವೋ ತಿಳಿಯದು. ಲೂಸ್ ಅಂತ ಬರೆದರೆ ಕಳೆದುಕೊಳ್ಳುವುದೂ ಸಡಿಲವೂ ಒಂದೇ ಆಗಿಬಿಡುತ್ತದೆ. ಎರಡು ಒ ಇದ್ದರೆ ಸಡಿಲ, ಒಂದು ಕಳೆದುಹೋದರೆ ಕಳೆದುಕೊಳ್ಳು.

ಮೂಕ ಅಕ್ಷರಗಳಿಗೆ ಒಂದು ಉಪಾಯ: ಅದೇ ಕುಟುಂಬದಲ್ಲಿ ಆ ಅಕ್ಷರ ಬಾಯಿಬಿಡುವ ಪದ ಹುಡುಕಿ. ಸೈನ್‌ನ ಜಿ ಸಿಗ್ನಲ್‌ನಲ್ಲಿ ಕೇಳಿಸುತ್ತದೆ, ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ, ಬಾಂಬ್‌ನ ಕೊನೆಯ ಬಿ ಬೊಂಬಾರ್ಡ್‌ನಲ್ಲಿ. ನೈಫ್, ನೀ, ನಾಟ್‌ನ ಕೆ ಹಿಂದೆ ಉಚ್ಚಾರದಲ್ಲಿ ಇದ್ದದ್ದೇ. ಬರೆಯುವಾಗ ಮನಸ್ಸಿನಲ್ಲಿ ‘ಕ್ನೈಫ್’ ಅಂತ ಹೇಳಿಕೊಂಡರೆ ತಪ್ಪುವುದಿಲ್ಲ. ಸಿ-ಎಚ್ ಬಂದರೆ ವಿಜ್ಞಾನದ ಗ್ರೀಕ್ ಪದಗಳಲ್ಲಿ ಸಾಮಾನ್ಯವಾಗಿ ‘ಕ’ (ಕ್ರೋಮೊಸೋಮ್, ಕ್ಲೋರೊಫಿಲ್), ಫ್ರೆಂಚಿನಿಂದ ತಡವಾಗಿ ಬಂದವುಗಳಲ್ಲಿ ‘ಶ’ (ಶೆಫ್, ಬ್ರೋಶರ್).

ಬ್ರಹ್ಮಾವರದ ಅಮ್ಮ:
ಉಪಕಾರ ಆಯ್ತು. ಇನ್ನೂರನ್ನು ದಿನಕ್ಕೆ ಎಷ್ಟು ಅಂತ ಹಂಚುವುದು?

ಮಣಿಪಾಲ:
ದಿನಕ್ಕೆ ಒಂದೇ ಕುಟುಂಬ, ಆರರಿಂದ ಎಂಟು ಪದ. ಪೋಸ್ಟ್‌ಕಾರ್ಡಿನ ಅರ್ಧದಷ್ಟು ರಟ್ಟು ಸಾಕು. ಮುಂದೆ ಇಂಗ್ಲಿಷ್ ಪದ, ಹಿಂದೆ ಪ್ರಿಫಿಕ್ಸು-ಬೇರು ಬಿಡಿಸಿದ್ದು, ಕನ್ನಡ ಅರ್ಥ, ಅವಳೇ ಕಟ್ಟಿದ ಒಂದು ವಾಕ್ಯ. ಮರುದಿನ, ಮೂರನೇ ದಿನ, ಏಳು, ಹದಿನೈದು, ಮೂವತ್ತನೇ ದಿನ ಕೇಳಿ. ತಪ್ಪಿದ ಕಾರ್ಡು ಮತ್ತೆ ಮೊದಲ ದಿನಕ್ಕೆ. ಪ್ರತಿ ಸಲ ಇಸ್ಪೀಟಿನ ಹಾಗೆ ಕಲಸಿ ಕೊಡಿ, ಇಲ್ಲದಿದ್ದರೆ ಅರ್ಥ ಬಿಟ್ಟು ಕಾರ್ಡಿನ ಸಾಲು ಬಾಯಿಪಾಠವಾಗುತ್ತದೆ. ಅರ್ಧ ಸಲ ಕನ್ನಡದ ಬದಿ ತೋರಿಸಿ ಇಂಗ್ಲಿಷ್ ಬರೆಸಿ. ಓದಿದರೆ ಗುರುತು ಸಿಗುವುದು ಬೇರೆ, ಬರೆಯಲು ಬರುವುದು ಬೇರೆ.

ಪಣಂಬೂರು:
ಪಟ್ಟಿಯಲ್ಲಿ ‘ಸೀಡ್’ ಅಂತ ಮುಗಿಯುವ ಕ್ರಿಯಾಪದಗಳು ಇದ್ದೇ ಇರುತ್ತವೆ, ಅದಕ್ಕೊಂದು ಲೆಕ್ಕ. ಎಸ್-ಇ-ಡಿ-ಇ ಬರುವುದು ಒಂದರಲ್ಲೇ, ಸೂಪರ್‌ಸೀಡ್. ಅದರ ಬೇರು ‘ಕೂರು’, ಇನ್ನೊಂದರ ಮೇಲೆ ಹೋಗಿ ಕೂರುವುದು. ಸಿ-ಇ-ಇ-ಡಿ ಮೂರರಲ್ಲಿ: ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಪ್ರಿಸೀಡ್, ರಿಸೀಡ್, ಕನ್ಸೀಡ್ ಮೊದಲಾದ ಉಳಿದವಕ್ಕೆಲ್ಲ ಸಿ-ಇ-ಡಿ-ಇ. ಎಡವುವುದು ಪ್ರೊಸೀಜರ್‌ನಲ್ಲಿ, ಪ್ರೊಸೀಡ್‌ನಲ್ಲಿ ಎರಡು ಇ ಇದ್ದರೂ ಇದರಲ್ಲಿ ಸಿ ಆದ ಮೇಲೆ ಒಂದೇ ಇ.