ಜಾವಾ ಸ್ವಿಂಗ್: ಥ್ರೆಡ್‌ನಿಂದ ಟೇಬಲ್‌ಗೆ ಸಾಲು ಸೇರಿಸಿದರೆ ಯಾವಾಗಲೋ ಒಮ್ಮೆ ಎರರ್

ಪ್ರಶ್ನೆ

ನಮ್ಮೂರ ಲೈಬ್ರರಿಗೆ ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಮಾಡುವ ಜಾವಾ ಲೈಬ್ರರಿ) ಒಂದು ಸಣ್ಣ ಪ್ರೋಗ್ರಾಮ್ ಬರೆಯುತ್ತಿದ್ದೇನೆ, ಜಾವಾ 8. ಹಳೇ ಪತ್ರಿಕೆಗಳ ಸ್ಕ್ಯಾನ್ ಮಾಡಿದ ಪುಟಗಳು ಒಂದು ಫೋಲ್ಡರ್‌ನಲ್ಲಿವೆ. ಬಟನ್ ಒತ್ತಿದರೆ ಒಂದೊಂದೇ ಫೈಲ್ ಓದಿ, ಚಿಕ್ಕ ಚಿತ್ರ ಮಾಡಿ ಟೇಬಲ್‌ಗೆ ಸೇರಿಸಬೇಕು. ಮೊದಲು ಎಲ್ಲವೂ ಬಟನ್ ಒತ್ತಿದಾಗ ಓಡುವ ಲಿಸನರ್ ಒಳಗೇ ಇತ್ತು. ವಿಂಡೋ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತಿತ್ತು. ಹಾಗಾಗಿ ಜೊತೆಜೊತೆಗೇ ಬೇರೆಯಾಗಿ ಓಡುವ ಹೊಸ ಥ್ರೆಡ್‌ಗೆ ಹಾಕಿದೆ. ಈಗ ವಿಂಡೋ ನಿಲ್ಲುವುದಿಲ್ಲ, ಆದರೆ ಲೋಡ್ ಆಗುವಾಗ ಯಾರಾದರೂ ಕಾಲಂ ಹೆಡರ್ ಒತ್ತಿ ಸಾರ್ಟ್ ಮಾಡಿದರೆ ಒಮ್ಮೊಮ್ಮೆ ‘ಇಂಡೆಕ್ಸ್ ಔಟ್ ಆಫ್ ಬೌಂಡ್ಸ್’. ನನ್ನ ಲ್ಯಾಪ್‌ಟಾಪ್‌ನಲ್ಲಿ ಬರುವುದೇ ಇಲ್ಲ, ಲೈಬ್ರರಿ ಕಂಪ್ಯೂಟರ್‌ನಲ್ಲಿ ಮಾತ್ರ. ಸಾಲು ಸೇರಿಸುವ ಆಡ್‌ರೋ ಸುತ್ತ ಸಿಂಕ್ರೊನೈಸ್ಡ್ (ಒಮ್ಮೆಗೆ ಒಂದೇ ಥ್ರೆಡ್ ಒಳಗೆ ಹೋಗುವಂತೆ ಮಾಡುವ ಲಾಕ್) ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಲಾಕ್ ಎಲ್ಲಿ ಹಾಕಬೇಕು?

ಉತ್ತರ

ಎಲ್ಲೂ ಹಾಕಬೇಡಿ. ಈಗ ಇರುವುದನ್ನೂ ತೆಗೆಯಿರಿ.

ಸ್ವಿಂಗ್‌ನಲ್ಲಿ ವಿಂಡೋ ಬಿಡಿಸುವುದು, ಕ್ಲಿಕ್ ಗಮನಿಸುವುದು, ಸಾರ್ಟ್ ಮಾಡುವುದು ಎಲ್ಲವೂ ಒಂದೇ ಥ್ರೆಡ್‌ನ ಕೆಲಸ. ಅದರ ಹೆಸರು ಇವೆಂಟ್ ಡಿಸ್ಪ್ಯಾಚ್ ಥ್ರೆಡ್, ಎಲ್ಲರೂ ಇಡಿಟಿ ಅಂತಾರೆ. ನಿಮ್ಮ ಲಾಕ್ ಇದೆ ಅಂತಲೇ ಇಡಿಟಿಗೆ ಗೊತ್ತಿಲ್ಲ. ನಿಮ್ಮ ಥ್ರೆಡ್ ಸಾಲು ಸೇರಿಸುತ್ತಿರುವಾಗಲೇ ಅದು ಸಾರ್ಟ್ ಶುರು ಮಾಡಿದರೆ, ಟೇಬಲ್‌ನ ಡೇಟಾ ಇರುವ ಮಾಡೆಲ್‌ನಲ್ಲಿ, ಉದಾಹರಣೆಗೆ, 41 ಸಾಲು, ಸಾರ್ಟರ್ ಲೆಕ್ಕದಲ್ಲಿ ಇನ್ನೂ 40. ಎರರ್ ಬರುವುದು ಅಲ್ಲೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬರದಿದ್ದರೆ ಅದು ಬರೀ ಟೈಮಿಂಗ್, ಕೋಡ್ ಸರಿಯಿದೆ ಅಂತ ಅರ್ಥ ಅಲ್ಲ.

ಸ್ವಿಂಗ್‌ನವರೇ ಒಳಗೆ ಲಾಕ್ ಇಡಬಹುದಿತ್ತಲ್ಲ ಅನ್ನಿಸಬಹುದು. ಜಾವಾ ರೂಪಿಸಿದ ಸನ್ ಕಂಪನಿಯ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲೇ ಇದರ ತೊಡಕನ್ನು ಬಿಡಿಸಿ ಹೇಳಿದ್ದಾರೆ. ಕ್ಲಿಕ್ ಆಪರೇಟಿಂಗ್ ಸಿಸ್ಟಮ್‌ನಿಂದ ಮೇಲಕ್ಕೆ ಬರುತ್ತದೆ. ನಮ್ಮ ಕೋಡ್‌ನ ಕರೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಎರಡೂ ದಾರಿಯಲ್ಲಿ ಲಾಕ್ ಹಿಡಿಯುತ್ತಾ ಹೋದರೆ ಇದರ ಕೈಯಲ್ಲಿರುವುದಕ್ಕೆ ಅದು, ಅದರ ಕೈಯಲ್ಲಿರುವುದಕ್ಕೆ ಇದು ಕಾಯುತ್ತಾ ಎರಡೂ ನಿಂತುಬಿಡುತ್ತವೆ. ಆಂಡ್ರಾಯ್ಡ್, ಕ್ಯೂಟಿ, ಡಾಟ್‌ನೆಟ್‌ನ ವಿನ್‌ಫಾರ್ಮ್ಸ್ ಕೂಡ ಇದೇ ಒಂದು ಥ್ರೆಡ್‌ನ ನಿಯಮ ಇಟ್ಟುಕೊಂಡಿವೆ.

ನಿಮಗೆ ಬೇಕಾದದ್ದು ಸ್ವಿಂಗ್‌ವರ್ಕರ್, ಅಂದರೆ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ನಲ್ಲಿ ಮಾಡಿ ಫಲಿತಾಂಶವನ್ನು ಇಡಿಟಿಗೆ ತಲುಪಿಸುವ ಕ್ಲಾಸ್; ಜಾವಾ 6ರಿಂದಲೇ ಇದೆ. ಹಿನ್ನೆಲೆಯಲ್ಲಿ ಓಡುವ ಅದರ ಡೂಇನ್‌ಬ್ಯಾಕ್‌ಗ್ರೌಂಡ್ ಒಳಗೆ ಫೈಲ್ ಓದಿ, ಚಿಕ್ಕ ಚಿತ್ರ ಮಾಡಿ, ಪಬ್ಲಿಶ್‌ಗೆ ಕೊಡಿ. ಅಲ್ಲಿ ಟೇಬಲ್, ಲೇಬಲ್ ಯಾವುದನ್ನೂ ಮುಟ್ಟಬೇಡಿ. ಟೆಕ್ಸ್ಟ್ ಬಾಕ್ಸ್‌ನಿಂದ ಫೋಲ್ಡರ್ ಹೆಸರು ಓದುವುದೂ ಬೇಡ, ಅದನ್ನು ಕೆಲಸ ಶುರು ಮಾಡುವ ಎಕ್ಸಿಕ್ಯೂಟ್ ಕರೆಯುವ ಮೊದಲೇ ತೆಗೆದಿಟ್ಟುಕೊಳ್ಳಿ. ಆಡ್‌ರೋ ಇರಬೇಕಾದ್ದು ಪ್ರೋಸೆಸ್ ಒಳಗೆ, ಅದು ಇಡಿಟಿಯಲ್ಲಿ ಓಡುತ್ತದೆ. ಅದಕ್ಕೆ ಒಂದು ಲಿಸ್ಟ್ ಬರುತ್ತದೆ, ಏಕೆಂದರೆ ಹಲವು ಪಬ್ಲಿಶ್‌ಗಳನ್ನು ಅದು ಒಟ್ಟುಗೂಡಿಸಿಕೊಳ್ಳುತ್ತದೆ. ಲಿಸ್ಟ್‌ನ ಮೊದಲನೆಯದನ್ನು ಮಾತ್ರ ಸೇರಿಸಿದರೆ ಪುಟಗಳು ಕಾಣೆಯಾಗುತ್ತವೆ.

ತುಂಬಾ ಜನ ಬಿಡುವ ಒಂದು ವಿಷಯ: ಕೆಲಸ ಮುಗಿದಾಗ ಇಡಿಟಿಯಲ್ಲಿ ಓಡುವ ಡನ್ ಒಳಗೆ, ಫಲಿತಾಂಶ ಕೊಡುವ ಗೆಟ್ ಕರೆಯಲೇಬೇಕು. ಹಾಳಾದ ಸ್ಕ್ಯಾನ್ ಒಂದು ಸಿಕ್ಕಿ ಡೂಇನ್‌ಬ್ಯಾಕ್‌ಗ್ರೌಂಡ್ ಅರ್ಧಕ್ಕೇ ನಿಂತರೆ ಆ ಎರರ್ ಸುಮ್ನೆ ಒಳಗೇ ಉಳಿಯುತ್ತದೆ. ಗೆಟ್ ಕರೆದಾಗ ಮಾತ್ರ ಹೊರಗೆ ಬರುತ್ತದೆ. ಇಲ್ಲದಿದ್ದರೆ ಲೈಬ್ರರಿಯವರು ಅರ್ಧ ಟೇಬಲ್ ನೋಡಿ ಪುಟಗಳು ಇಷ್ಟೇ ಅಂದುಕೊಳ್ಳುತ್ತಾರೆ. ಆದರೆ ಎಕ್ಸಿಕ್ಯೂಟ್ ಆದ ತಕ್ಷಣ ಲಿಸನರ್‌ನಲ್ಲೇ ಗೆಟ್ ಕರೆಯಬೇಡಿ. ಅದು ಕೆಲಸ ಮುಗಿಯುವ ತನಕ ಕಾಯುತ್ತದೆ, ವಿಂಡೋ ಮತ್ತೆ ಬೆಳ್ಳಗಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಸಾರ್ಟ್ ಈಗ ಸರಿ ಹೋಯಿತು. ಗೆಟ್ ಹಾಕಿದ ಮೇಲೆ ಓದಲಾಗದ ಒಂದು ಫೈಲ್ ಕೂಡ ಸಿಕ್ಕಿತು! ‘ನಿಲ್ಲಿಸು’ ಬಟನ್‌ಗೆ ಕ್ಯಾನ್ಸಲ್ ಕೊಟ್ಟಿದ್ದೇನೆ, ಆದರೂ ಓದುವುದು ನಿಲ್ಲುತ್ತಿಲ್ಲ.

ಇನ್ನೊಬ್ಬರ ಉತ್ತರ

ಕ್ಯಾನ್ಸಲ್ ಅಂದರೆ ನಿಲ್ಲಿಸಿ ಅಂತ ಕೇಳಿಕೊಂಡ ಹಾಗೆ ಅಷ್ಟೆ, ಥ್ರೆಡ್ಡನ್ನು ಬಲವಂತವಾಗಿ ಕೊಲ್ಲುವುದಿಲ್ಲ. ಪ್ರತಿ ಫೈಲ್‌ಗೂ ಮೊದಲು ಈಸ್‌ಕ್ಯಾನ್ಸಲ್ಡ್ ನೋಡಿ, ನಿಜ ಬಂದರೆ ಲೂಪ್‌ನಿಂದ ಹೊರಬನ್ನಿ. ಇನ್ನೊಂದು, ಜಾವಾ 8ರಲ್ಲಿ ಕ್ಯಾನ್ಸಲ್ ಆದಾಗ ಹಿಂದೆ ಇನ್ನೂ ಫೈಲ್ ಓದುತ್ತಿರುವಾಗಲೇ ಡನ್ ಓಡಿಬಿಡಬಹುದು. ಹಾಗಾಗಿ ಥ್ರೆಡ್ ಬಳಸುತ್ತಿರುವ ಫೈಲ್‌ಗಳನ್ನು ಡನ್ ಒಳಗೆ ಮುಚ್ಚಬೇಡಿ, ಡೂಇನ್‌ಬ್ಯಾಕ್‌ಗ್ರೌಂಡ್‌ನ ಫೈನಲಿ (ಎರರ್ ಬಂದರೂ ಕೊನೆಗೆ ಓಡುವ ಭಾಗ) ಒಳಗೇ ಮುಚ್ಚಿ. ಕ್ಯಾನ್ಸಲ್ ಆದ ಮೇಲೆ ಗೆಟ್ ಕೂಡ ಕ್ಯಾನ್ಸಲೇಶನ್ ಎಕ್ಸೆಪ್ಶನ್ ಎಸೆಯುತ್ತದೆ, ಅದನ್ನು ಬೇರೆಯಾಗಿ ಹಿಡಿಯಿರಿ.